ದುಡ್ಡಿನ ದನಿ, ಪುಕ್ಕಟೆ ದನಿ

ಹಳಿಯಾಳದ ಬಸ್ಸಿನಲ್ಲಿ ಬರುವಾಗ ದಾಂಡೇಲಿ ಹತ್ತಿರವಾಯಿತೆಂದು ನನಗೆ ಕಂಡಕ್ಟರ್ ಹೇಳಬೇಕಾಗಿಲ್ಲ. ಕಾಡಿನ ತಂಪು ಗಾಳಿಯ ನಡುವೆ ಒಮ್ಮೆಗೇ ಕಾಗದ ಕಾರ್ಖಾನೆಯ ವಾಸನೆ ಕಿಟಕಿಯೊಳಗೆ ನುಗ್ಗುತ್ತದೆ. ಬೆಂದ ಎಲೆಕೋಸಿನಂಥ, ಒದ್ದೆ ಮರದ ಪುಡಿಯಂಥ ವಾಸನೆ. ಹೋದ ವಾರ ಅಂಗವಿಕಲರ ಕಾರ್ಡಿನ ಕೆಲಸಕ್ಕೆಂದು ಆಸ್ಪತ್ರೆಗೆ ಹೊರಟಿದ್ದೆ. ಆ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಚೀಲದಲ್ಲಿ ಲ್ಯಾಪ್‌ಟಾಪ್ ತಡಕಿತು. ಅದನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನು ಬಿಟ್ಟು ಮೂರು ವರ್ಷವಾಗಿದೆ.

ಅದಕ್ಕೂ ಹಿಂದಿನ ಒಂದು ವರ್ಷ ಮಾತ್ರ ವಾರಕ್ಕೆ ಮೂರು ದಿನ ಇದೇ ಬಸ್ಸಿನಲ್ಲಿ ಬರುತ್ತಿದ್ದೆ.

ನಾನು ತೇರಗಾಂವದವಳು, ಹೆಸರು ಶಿವಲೀಲಾ. ಅಪ್ಪನದು ಊರಲ್ಲಿ ಕಿರಾಣಿ ಅಂಗಡಿ. ಚಿಕ್ಕವಳಿದ್ದಾಗ ಕಣ್ಣು ಕಾಣುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು, ಬಿ.ಎ. ಮುಗಿಯುವ ಹೊತ್ತಿಗೆ ಅದೂ ಹೋಯಿತು. ಧಾರವಾಡದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತೆ. ಕಣ್ಣಿಲ್ಲದವರಿಗಾಗಿ ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇರುತ್ತದೆ. ಅದಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ದುಡ್ಡು ಕೊಟ್ಟು ಕೊಳ್ಳುವುದು, ಬಲು ತುಟ್ಟಿ. ಇನ್ನೊಂದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು. ಧಾರವಾಡದಲ್ಲಿ ನಮಗೆ ಕಲಿಸಿದ್ದು ಪುಕ್ಕಟೆಯದು.

ಆ ವರ್ಷ ಆಷಾಢದಲ್ಲಿ ಸರ್ಕಾರಿ ಗುಮಾಸ್ತರ ಹುದ್ದೆಯ ಲಿಖಿತ ಪರೀಕ್ಷೆಯ ಫಲಿತಾಂಶ ಬಂತು. ಅಂಧರಿಗೆ ಮೀಸಲಿದ್ದ ಒಂದು ಹುದ್ದೆಗೆ ಇಬ್ಬರು ಪಾಸಾಗಿದ್ದೆವು. ಇನ್ನುಳಿದದ್ದು ಕಂಪ್ಯೂಟರ್ ಪರೀಕ್ಷೆ ಮಾತ್ರ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ. ಅವ್ವ ಮಾತ್ರ, "ಇನ್ನೂ ಒಂದ ಪರೀಕ್ಷಾ ಐತಿ, ಈಗ ಯಾಕ ಹಂಚತೀರಿ?" ಎಂದು ಗೊಣಗಿದಳು.

ಅಭ್ಯಾಸ ಮಾಡಿಸಲು ಹಳಿಯಾಳದಲ್ಲಿ ಯಾರೂ ಇರಲಿಲ್ಲ. ದಾಂಡೇಲಿಯ ಹತ್ತಿರ ಕೋಗಿಲಬನದಲ್ಲಿ ಪವಾರ ಮಾಸ್ತರ ಎಂಬುವರಿದ್ದಾರೆ, ಅವರಿಗೂ ಕಣ್ಣಿಲ್ಲ, ಆದರೆ ಕಂಪ್ಯೂಟರಿನಲ್ಲಿ ಗಾಳಿ ಹೋದಂತೆ ಟೈಪು ಮಾಡುತ್ತಾರೆ ಎಂದು ಯಾರೋ ಹೇಳಿದರು. ಅವ್ವನ ಕೈ ಹಿಡಿದು ಹೋದೆ. ಮಳೆ ಹಂಚಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಹಿಂದೆಲ್ಲೋ ಕಾಳಿ ಹೊಳೆ ತುಂಬಿ ಹರಿಯುವ ಸದ್ದು.

"ಬಾ ತಂಗಿ. ಹೊಸ್ತಲಾ ಎತ್ತರ ಐತಿ, ನೋಡ್ಕೊಂಡ ಕಾಲಿಡು," ಎಂದರು ಮಾಸ್ತರು. ಇಬ್ಬರು ಕುರುಡರ ನಡುವೆ ಈ ಮಾತು ಕೇಳಿ ಅವ್ವ ಗಾಬರಿಯಾದಳು. ನನಗೆ ನಗು ಬಂತು, ಅವರಿಗೂ ಬಂತು.

ಮಾಸ್ತರೆಂದರೆ ಶಾಲೆಯ ಮಾಸ್ತರಲ್ಲ. ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ನಲವತ್ತೈದರ ಸುಮಾರಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿ ಹೋಯಿತು. ಆಫೀಸಿನವರು ಕೆಲಸದಿಂದ ತೆಗೆಯದೆ ದುಡ್ಡಿನ ಸ್ಕ್ರೀನ್ ರೀಡರ್ ತರಿಸಿಕೊಟ್ಟರಂತೆ. ನಿವೃತ್ತಿಯ ದಿನ ಆ ಕಂಪ್ಯೂಟರನ್ನೇ ಹಾರ ಹಾಕಿ ಕೊಟ್ಟು ಕಳಿಸಿದರಂತೆ. ಈಗ ಮನೆಯಲ್ಲಿ ಅವರೂ, ಗಂಡನನ್ನು ಕಳೆದುಕೊಂಡ ಅವರ ಅಕ್ಕನೂ ಇಬ್ಬರೇ. ಆ ಅಕ್ಕನನ್ನು ಊರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಸುತ್ತಲಿನ ಜನ ತಾಲೂಕು ಕಚೇರಿಗೆ, ಬ್ಯಾಂಕಿಗೆ, ವಿಮೆಯವರಿಗೆ ಅರ್ಜಿ ಬರೆಸಲು ಮಾಸ್ತರ ಹತ್ತಿರ ಬರುತ್ತಿದ್ದರು. ಇಂಗ್ಲಿಷಿನಲ್ಲಿ ಅವರು ಬರೆದ ಅರ್ಜಿಗೆ ಉತ್ತರ ಬಾರದೆ ಇರುವುದಿಲ್ಲ ಎಂಬ ನಂಬಿಕೆ ಇತ್ತು. ಆ ಬರುವ ಹೋಗುವ ಜನರಿಂದಲೇ ಮನೆಗೆ ಜೀವ.

"ನಿನಗ ಯಾವದು ಬರತೈತಿ?" ಮೊದಲ ದಿನವೇ ಕೇಳಿದರು.

"ಪುಕ್ಕಟೆದು, ಸರ."

"ಛೇ. ಆಫೀಸಿನ್ಯಾಗ ಯಾರ ಇಡ್ತಾರ ಅದನ್ನ? ಸರ್ಕಾರದವರು ಇಟ್ರ ದುಡ್ಡಿಂದ ಇಡೂದು. ಅದನ್ನ ಕಲಿ."

ನನ್ನ ಲ್ಯಾಪ್‌ಟಾಪಿಗೆ ದುಡ್ಡಿನದರ ಪ್ರಯೋಗದ ಪ್ರತಿ, ಅಂದರೆ ಕೊಳ್ಳುವ ಮೊದಲು ಬಳಸಿ ನೋಡಲು ಕೊಡುವುದು, ಹಾಕಿಸಿದರು. ಅದು ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚುತ್ತಿತ್ತು. ಮತ್ತೆ ಮಾತಾಡಿಸಬೇಕೆಂದರೆ ಇಡೀ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಅಷ್ಟು ಹೊತ್ತಿಗೆ ಮಾವಶಿ ಚಹಾ ತರುತ್ತಿದ್ದರು. ದಿನಕ್ಕೆ ಮೂರು ಸಲ ಅದು ಬಾಯಿ ಮುಚ್ಚಿದರೆ ನಮಗೆ ಮೂರು ಚಹಾ. ಮಾಸ್ತರ ಯಂತ್ರಕ್ಕೆ ಈ ಕಾಟ ಇರಲಿಲ್ಲ. ಅವರದು ಪೂರ್ತಿ ಹಣ ಕೊಟ್ಟು ಕೊಂಡದ್ದು, ಅದರ ಪರವಾನಗಿ ಆ ಒಂದು ಕಂಪ್ಯೂಟರಿಗೆ ಮಾತ್ರ ಕಟ್ಟಿಹಾಕಿದ್ದು.

ಅವರ ಯಂತ್ರದ ದನಿ ಅಮೆರಿಕದ ಗಂಡಸಿನದು. ನನಗೆ ಹಿಡಿಯಲಾರದಷ್ಟು ವೇಗ. ಮಾಸ್ತರು ಹದಿನೈದು ವರ್ಷ ಆ ದನಿಯ ಜೊತೆ ಇದ್ದವರು. ಅದು ಓದುತ್ತಿದ್ದಾಗ ಅವರು ಮಾವಶಿಗೆ ಉಪ್ಪಿನಕಾಯಿ ಎಲ್ಲಿದೆ ಅಂತಲೂ ಹೇಳುತ್ತಿದ್ದರು, ಒಂದು ಅಕ್ಷರವನ್ನೂ ಬಿಡುತ್ತಿರಲಿಲ್ಲ. ಆದರೆ ಆ ದನಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಪುಟ ತೆರೆದರೆ ಮೌನ, ಇಲ್ಲವೇ ಸಾಲಿಗೆ ಸಾಲು "ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್".

ಒಂದು ದಿನ ಚಹಾದ ಹೊತ್ತಿನಲ್ಲಿ ನಾನು ಪುಕ್ಕಟೆಯದನ್ನು ಚಾಲೂ ಮಾಡಿ ಕನ್ನಡ ಪತ್ರಿಕೆಯ ಸುದ್ದಿಯೊಂದನ್ನು ಓದಿಸಿದೆ. ಮುಂಡಗೋಡದ ಕಡೆ ಗೋವಿನಜೋಳಕ್ಕೆ ಹುಳ ಬಿದ್ದ ಸುದ್ದಿ, ಅಷ್ಟೆ. ಮಾಸ್ತರು ಬಶಿಯಿಂದ ಚಹಾ ಹೀರುವ ಸದ್ದು ನಿಂತಿತು. ಸುದ್ದಿ ಮುಗಿದ ಮೇಲೆ, "ಇದೇನ ಕನ್ನಡೇನವಾ? ತಗಡಿನ ಡಬ್ಬಿ ಬಡದಂಗ ಐತಿ," ಎಂದರು.

ಮುಂದಿನ ಸಲ ಹೋದಾಗ ನಾನು ಹೊಸ್ತಿಲು ದಾಟುವ ಮೊದಲೇ ಕೇಳಿದರು: "ಆ ಡಬ್ಬಿ ತಂದೀಯೇನ?"

ಕಣ್ಣು ಹೋದಂದಿನಿಂದ ಅವರು ತಾವಾಗಿ ಕನ್ನಡದ ಒಂದು ಸಾಲನ್ನೂ ಓದಿರಲಿಲ್ಲ. ಮಾವಶಿ ಕಲಿತದ್ದು ಮರಾಠಿ ಶಾಲೆಯಲ್ಲಿ, ಅವರಿಗೆ ಕನ್ನಡ ಓದಲು ಬಾರದು. ಅಂದಿನಿಂದ ಪ್ರತಿ ಸಲ ಪಾಠ ಮುಗಿದ ಮೇಲೆ ಅರ್ಧ ತಾಸು ಡಬ್ಬಿಯ ಓದು ನಡೆಯಿತು. ಮಳೆ, ಪೇಟೆ ಧಾರಣೆ, ಮದುವೆ ಜಾಹೀರಾತು, ಏನಾದರೂ ಸರಿ. ಅದು ತಪ್ಪು ಉಚ್ಚರಿಸಿದಾಗ ಬೈಯುತ್ತಿದ್ದರು, ನಿಲ್ಲಿಸಿದರೆ ಇನ್ನೂ ಹೆಚ್ಚು ಬೈಯುತ್ತಿದ್ದರು.

ಆದರೆ ಪರೀಕ್ಷೆಯ ಮಾತು ಬಂದರೆ ಅವರದು ಒಂದೇ ಹಟ. ನಾನು ಆ ನಲವತ್ತು ನಿಮಿಷಕ್ಕೆ ಬೇಸತ್ತಿದ್ದೆ. ಶ್ರಾವಣ ಮುಗಿಯುವ ಹೊತ್ತಿಗೆ ಮನೆಯಲ್ಲಿ ದುಡ್ಡಿನದನ್ನು ಮುಟ್ಟುವುದನ್ನೇ ಬಿಟ್ಟೆ. ಅದು ಮಾಸ್ತರಿಗೆ ಗೊತ್ತಾಯಿತು.

"ಬೆರಳ ಹೇಳತಾವ ತಂಗಿ. ನೀ ಮನ್ಯಾಗ ಅಭ್ಯಾಸಕ್ಕ ಕೂಡವಲ್ಲಿ."

"ಕನ್ನಡ ಕೊಟ್ರ ಏನ್ ಮಾಡೂದು ಸರ? ನಿಮ್ಮದಕ್ಕ ಕನ್ನಡ ಬರೂದಿಲ್ಲ."

"ಬರದ ಯಂತ್ರದಾಗ ಕನ್ನಡ ಪರೀಕ್ಷಾ ಹೆಂಗ ಇಡ್ತಾರ? ಅವರಿಗೆ ಅಷ್ಟೂ ತಿಳಿಯಂಗಿಲ್ಲೇನ?"

"ನಿಮ್ಮ ತುಟ್ಟಿದನ್ನ ಅವರ ಯಾಕ ಕೊಂಡಾರು? ಪುಕ್ಕಟೆ ಸಿಗೂದ ಇರೂವಾಗ?"

ಯಾವುದು ಇರುತ್ತದೆ ಎಂದು ಕೇಳಿ ಪರೀಕ್ಷೆ ನಡೆಸುವ ಕಚೇರಿಗೆ ಪತ್ರ ಬರೆದೆ. ಉತ್ತರವಿಲ್ಲ. ಫೋನ್ ಮಾಡಿದೆ. ಎತ್ತಿದವರು, "ಸ್ಕ್ರೀನ್ ರೀಡರ್ ಅಂದ್ರ ಪ್ರೊಜೆಕ್ಟರ್ ಏನ್ರಿ?" ಎಂದರು. ವಿವರಿಸಿದೆ. "ಎಲ್ಲಾ ವ್ಯವಸ್ಥಾ ಇರತೈತ್ರಿ, ನೀವು ಬರ್ರಿ," ಎಂದು ಇಟ್ಟರು. ಮರುವಾರ ಮಾಸ್ತರು ತಮ್ಮ ಇಂಗ್ಲಿಷಿನಲ್ಲಿ ಮಾತಾಡಿದರು. ಅವರಿಗೂ ಅದೇ ಉತ್ತರ ಬಂತು.

ದಸರೆಯ ಹಿಂದುಮುಂದಿನ ಚಿತ್ತಿ ಮಳೆಯಲ್ಲಿ ಸಿಡಿಲು ಜಾಸ್ತಿ. ಒಂದು ಮಧ್ಯಾಹ್ನ ಮಾಸ್ತರು ಯಾರದೋ ಜಮೀನಿನ ಅರ್ಜಿ ಟೈಪು ಮಾಡುತ್ತಿದ್ದಾಗ ಊರ ಕರೆಂಟು ಕಂಬಕ್ಕೇ ಸಿಡಿಲು ಬಡಿಯಿತು. ನಾನು ಪಕ್ಕದಲ್ಲೇ ಇದ್ದೆ. ಆ ಅಮೆರಿಕದ ಗಂಡಸು ಒಂದು ಶಬ್ದದ ನಡುವೆ ನಿಂತುಹೋದ. ವಯರು ಸುಟ್ಟ ವಾಸನೆ ಬಂತು. ಮಾಸ್ತರು ಕೀಲಿಗಳನ್ನು ಒತ್ತುತ್ತಲೇ ಇದ್ದರು. ಮಾವಶಿ ಓಡಿ ಬಂದು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಒತ್ತಿದರು.

ದಾಂಡೇಲಿಯ ರಿಪೇರಿಯವನು ಒಳಗಿನದನ್ನೆಲ್ಲ ಬದಲಿಸಿದ. ಹೊಸ ಒಡಲಿನೊಳಗೆ ಹಳೆಯ ಪರವಾನಗಿ ನಡೆಯಲಿಲ್ಲ. ಅದು ಮಾಸ್ತರನ್ನು ಗುರುತಿಸಲಿಲ್ಲ, ನನ್ನ ಲ್ಯಾಪ್‌ಟಾಪಿನಂತೆ ನಲವತ್ತು ನಿಮಿಷಕ್ಕೆ ಬಾಯಿ ಮುಚ್ಚಿತು. ಕಂಪನಿಗೆ ಮಿಂಚಂಚೆ ಬರೆದೆವು. ಹಳೆಯ ಆವೃತ್ತಿಗೆ ಈಗ ಬೆಂಬಲವಿಲ್ಲ, ಹೊಸದನ್ನು ಕೊಳ್ಳಬೇಕೆಂದು ಬಹಳ ಮರ್ಯಾದೆಯ ಉತ್ತರ ಬಂತು. ಅವರ ಪಿಂಚಣಿಯಲ್ಲಿ ಅದು ಆಗುವ ಮಾತಲ್ಲ.

"ಸರ, ಪುಕ್ಕಟೆದು ಹಾಕಿ ಕೊಡ್ತೇನಿ. ನಾ ಕಲಸ್ತೇನಿ," ಎಂದೆ.

"ಡಬ್ಬಿ ಮಾತ ಕೇಳಾಕ ಛಲೋ. ಕೆಲಸಕ್ಕಲ್ಲ."

ಎರಡು ವಾರ ಒಪ್ಪಲಿಲ್ಲ. ಆಮೇಲೆ ಒಪ್ಪಿದರು. ಆಗ ನಾನು ಗುರು, ಅವರು ಶಿಷ್ಯ. ಕೀಲಿಮಣೆಯ ಬಲಗಡೆ ಅಂಕಿಗಳ ಗುಂಪಿದೆಯಲ್ಲ, ಅದರ ಕೆಲಸ ಎರಡರಲ್ಲೂ ಬೇರೆ ಬೇರೆ. ಅವರ ಬೆರಳು ಹದಿನೈದು ವರ್ಷದ ರೂಢಿಯಂತೆ ಅಲ್ಲಿಗೇ ಹೋಗುತ್ತಿತ್ತು. ಯಂತ್ರ ಇನ್ನೆಲ್ಲಿಗೋ ಜಿಗಿಯುತ್ತಿತ್ತು. ಇಂಗ್ಲಿಷನ್ನೂ ಅದು ಡಬ್ಬಿಯ ದನಿಯಲ್ಲೇ ಓದುತ್ತಿದ್ದುದರಿಂದ ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ವೇಗ ತೀರ ಕಡಿಮೆ ಮಾಡಿಸಿಕೊಂಡರು. ನಿಮಿಷದಲ್ಲಿ ಒಂದು ಪುಟ ಕೇಳುತ್ತಿದ್ದ ಮನುಷ್ಯ ಒಂದು ಸಾಲನ್ನು ಮೂರು ಸಲ ಕೇಳುತ್ತ ಕೂತಿರುವುದನ್ನು ಸಹಿಸುವುದು ನನಗೆ ಕಷ್ಟವಾಯಿತು. ಒಂದು ದಿನ ರೈತನೊಬ್ಬನ ಅರ್ಜಿಯಲ್ಲಿ ಸರ್ವೆ ನಂಬರೇ ತಪ್ಪಿಹೋಯಿತು. ಕಚೇರಿಯಿಂದ ಅದು ವಾಪಸು ಬಂತು. ಆತ ಬೈಯಲಿಲ್ಲ. "ಇರಲಿ ಬಿಡ್ರಿ ಮಾಸ್ತರ, ಹಳಿಯಾಳದಾಗ ಬರಸ್ತೇನಿ," ಎಂದು ಕಾಗದ ಇಸಿದುಕೊಂಡು ಹೋದ.

ಮಾಸ್ತರು ಆವತ್ತು ಕಂಪ್ಯೂಟರಿಗೆ ಬಟ್ಟೆ ಹೊದಿಸಲು ಮಾವಶಿಗೆ ಹೇಳಿದರು. ಕಾರ್ತೀಕ ಮುಗಿಯುವ ಹೊತ್ತಿಗೆ ಅರ್ಜಿಯವರು ಬರುವುದು ನಿಂತಿತು. ನಾನು ಹೋದಾಗ ಅವರು ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಪಾಠ ಹೇಳುವುದನ್ನು ಮಾತ್ರ ಬಿಡಲಿಲ್ಲ. ಆದರೆ ಮೊದಲಿನ ಹಟ ಇರಲಿಲ್ಲ. ನಾನು ಪುಕ್ಕಟೆಯದರಲ್ಲೇ ಟೈಪು ಮಾಡಿದರೂ ಗದರಿಸುತ್ತಿರಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು.

ಪರೀಕ್ಷೆ ಶಿವರಾತ್ರಿಯ ಹಿಂದುಮುಂದು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನಡೆಯಿತು. ಒಂದು ತಾಸಿನದು. ನನ್ನ ಪಕ್ಕದ ಯಂತ್ರಕ್ಕೆ ಇನ್ನೊಬ್ಬ ಅಭ್ಯರ್ಥಿ ಬಂದು ಕೂತ. ಹೆಸರು ಪರಶುರಾಮ, ಮುಂಡಗೋಡದ ಕಡೆಯ ಒಂದು ಹಟ್ಟಿಯವನು. ತಂದೆತಾಯಿ ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಗೋವಿನಜೋಳ ಮುರಿಯಲು ಹೋಗುತ್ತಿದ್ದರು. ಅವನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ದುಡ್ಡಿನದರಲ್ಲೇ ಕಲಿತವನು.

ಕಿವಿಗೆ ಹೆಡ್‌ಫೋನ್ ಹಾಕಿದೆ. ಅಮೆರಿಕದ ಗಂಡಸು ಮಾತಾಡಿದ. ಮಾಸ್ತರು ಹೇಳಿದ್ದೇ ನಿಜವಾಗಿತ್ತು.

ಮೊದಲು ಇಂಗ್ಲಿಷ್ ಭಾಗ. ಲ್ಯಾಪ್‌ಟಾಪಿನಲ್ಲಿ ನಾನು ಪುಕ್ಕಟೆಯದಕ್ಕೆ ಕ್ಯಾಪ್ಸ್ ಲಾಕ್ ಕೀಲಿಯಿಂದ ಅಪ್ಪಣೆ ಕೊಡುತ್ತಿದ್ದೆ. ಇಲ್ಲಿ ಆ ಕೀಲಿ ಒತ್ತಿದರೆ ಅಕ್ಷರಗಳೆಲ್ಲ ದೊಡ್ಡವಾಗುತ್ತಿದ್ದವು. ಗೊತ್ತಿದ್ದೂ ಬೆರಳು ಅಲ್ಲಿಗೇ ಹೋಗುತ್ತಿತ್ತು. ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಪಕ್ಕದಲ್ಲಿ ಪರಶುರಾಮನ ಬೆರಳುಗಳು ತಡೆಯಿಲ್ಲದೆ ಓಡುತ್ತಿದ್ದವು. ಹೇಗೋ ಮುಗಿಸಿ ಎರಡನೆಯ ಭಾಗ ತೆರೆದೆ. ಬಂದ ಪತ್ರವನ್ನು ಓದಿ ಅದಕ್ಕೆ ಉತ್ತರ ಸಿದ್ಧಪಡಿಸುವುದು. ಪತ್ರ ಕನ್ನಡದಲ್ಲಿತ್ತು.

"ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್..."

ಪಕ್ಕದ ಬೆರಳುಗಳೂ ನಿಂತವು.

ಕೈ ಎತ್ತಿದೆ. ಮೇಲ್ವಿಚಾರಕಿ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಏನಾತ್ರಿ?"

"ಇದು ಕನ್ನಡ ಓದೂದಿಲ್ರಿ ಮೇಡಂ. ಓದೂದು ನನ್ನ ಪೆನ್‌ಡ್ರೈವಿನ್ಯಾಗ ಐತ್ರಿ, ಹೊರಗ ಚೀಲದಾಗ. ಎರಡ ನಿಮಿಷದ ಕೆಲಸ."

"ಪೆನ್‌ಡ್ರೈವ್ ಒಳಗ ಬಿಡಾಕ ಬರಂಗಿಲ್ಲಮ್ಮ. ರೂಲ್ಸ್ ಐತಿ."

"ಹಂಗಾರ ನೀವ ಇಂಟರ್ನೆಟ್ಟಿನಿಂದ ಇಳಿಸ್ರಿ. ಪುಕ್ಕಟೆ ಐತ್ರಿ."

ಅವರು ಯಾರನ್ನೋ ಕೇಳಿ ಬಂದರು. "ಪುಕ್ಕಟೆದು ಹಾಕಾಕ ಪರವಾನಗಿ ಇಲ್ಲಂತ. ಇದ ಎಲ್ಲಾಕಿಂತ ಛಲೋದು, ತುಟ್ಟಿದು ಐತಿ ಅಂತ ಹೇಳಿದ್ರು."

"ನಾನ ಅದನ್ನ ಓದಿ ಹೇಳ್ಲೇನು?" ಎಂದು ತಾವೇ ಕೇಳಿದರು ಆಮೇಲೆ. ಅವರು ಓದಲು ಶುರು ಮಾಡಿದರು. ಎರಡು ಸಾಲು ಆಗುವಷ್ಟರಲ್ಲಿ ಹಿಂದಿನಿಂದ ಒಬ್ಬ ಗಂಡಸು, "ಮೇಡಂ, ಹಂಗ ಓದಿ ಹೇಳಬಾರದ್ರಿ, ಆಮ್ಯಾಲ ನಮ್ಮ ಮ್ಯಾಲ ಬರತೈತಿ," ಎಂದರು. ಅವರು ನಿಲ್ಲಿಸಿದರು. ಅಷ್ಟರಲ್ಲಿ ನಲವತ್ತು ನಿಮಿಷ ಮುಗಿಯಿತು. ಪರೀಕ್ಷಾ ಕೇಂದ್ರದವರೂ ಪ್ರಯೋಗದ ಪ್ರತಿಯನ್ನೇ ಹಾಕಿದ್ದರು. ಹೆಡ್‌ಫೋನಿನಲ್ಲಿ ಆ ಪ್ರಶ್ನೆ ಚಿಹ್ನೆಗಳ ಸದ್ದೂ ಇಲ್ಲವಾಯಿತು. ಯಂತ್ರ ಆರಿಸಿ ಮತ್ತೆ ಚಾಲೂ ಮಾಡಿದರು. ಅದಕ್ಕೆ ಹೋದ ಹೊತ್ತನ್ನು ನಮಗೆ ಹೆಚ್ಚಿಗೆ ಕೊಡಲಿಲ್ಲ. ಉಳಿದ ನಿಮಿಷಗಳಲ್ಲಿ ಕೇಳಿದ ಎರಡು ಸಾಲಿನ ಆಧಾರದ ಮೇಲೆ ಒಂದು ಉತ್ತರ ಕುಟ್ಟಿದೆ. ಬರೆದದ್ದು ಸರಿಯಿದೆಯೇ ಎಂದು ನೋಡಿಕೊಳ್ಳುವ ದಾರಿ ನನಗಿರಲಿಲ್ಲ.

ಹೊರಗೆ ಬಂದು ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ನನ್ನ ಜೊತೆ ಬಂದಿದ್ದ ಅಪ್ಪ ಕಬ್ಬಿನಹಾಲು ತರಲು ಹೋಗಿದ್ದ.

"ಅಕ್ಕಾರ, ಕನ್ನಡ ಆತೇನ್ರಿ?" ಕೇಳಿದ ಪರಶುರಾಮ.

"ಇಲ್ಲಪಾ. ನಿಂದು?"

"ನಂದೂ ಇಲ್ರಿ. ಇಂಗ್ಲಿಷ್ ಪೂರಾ ಆತು." ಆಮೇಲೆ, "ನಮ್ಮವ್ವ ಹೊಸಾ ಅಂಗಿ ಹೊಲಿಸ್ಯಾಳ್ರಿ ಇವತ್ತಿಗಂತ," ಎಂದ.

ಯುಗಾದಿಯ ಆಚೆ ಫಲಿತಾಂಶ ಬಂತು. ಅರ್ಹ ಅಭ್ಯರ್ಥಿಗಳು ಯಾರೂ ಇಲ್ಲ.

ಕೋಗಿಲಬನಕ್ಕೆ ಹೋಗಿ ಹೇಳಿದೆ. "ಕನ್ನಡ ಇಡಂಗಿಲ್ಲ ಅಂತ ನಾನ ಹೇಳಿದ್ನಲ್ಲ," ಎಂದರು ಮಾಸ್ತರು.

"ನೀವ ದುಡ್ಡಿಂದ ಇರತೈತಿ ಅಂತನೂ ಹೇಳಿದ್ರಿ ಸರ. ನಾನ ಕೇಳಲಿಲ್ಲ."

"ಒಂದ ಅರ್ಜಿ ಬರಿಯೂಣು. ನಾ ಹೇಳ್ತೇನಿ, ನೀ ಟೈಪ್ ಹೊಡಿ."

ಅದು ಅವರು ಬರೆಸಿದ ಕೊನೆಯ ಅರ್ಜಿ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಇಡೀ ಮಧ್ಯಾಹ್ನ ಹಿಡಿಯಿತು. ನಾನು ಟೈಪು ಮಾಡುತ್ತಿದ್ದೆ, ಡಬ್ಬಿ ಓದಿ ಹೇಳುತ್ತಿತ್ತು, ಅವರು ತಿದ್ದುತ್ತಿದ್ದರು. ಸಿಟ್ಟಿನ ಶಬ್ದ ಒಂದೂ ಇರಬಾರದೆಂದರು. ಅಭ್ಯರ್ಥಿ ಕಲಿತ ಸ್ಕ್ರೀನ್ ರೀಡರನ್ನೇ ಕೊಡಬೇಕು, ಅದಾಗದಿದ್ದರೆ ಎರಡನ್ನೂ ಹಾಕಿಡಬೇಕು, ಕನ್ನಡ ಓದುವುದೊಂದು ಇರಲೇಬೇಕು, ನಮ್ಮಿಬ್ಬರಿಗೂ ಇನ್ನೊಮ್ಮೆ ಪರೀಕ್ಷೆ ನಡೆಸಬೇಕು. ಇಷ್ಟೇ ಕೇಳಿದ್ದು. ಫೋನಿನಲ್ಲಿ ಪರಶುರಾಮನ ಒಪ್ಪಿಗೆ ತೆಗೆದುಕೊಂಡು ಅವನ ಹೆಸರನ್ನೂ ಸೇರಿಸಿದೆ. ಮಾಸ್ತರು ಪೂರ್ತಿ ಅರ್ಜಿಯನ್ನು ಎರಡು ಸಲ ಓದಿಸಿ ಕೇಳಿದರು. "ಇದಕ್ಕ ಉತ್ತರ ಬರತೈತಿ," ಎಂದರು.

ಉತ್ತರ ಬಂತು. ಆದರೆ ಅಷ್ಟರಲ್ಲಿ ಮಾಸ್ತರು ಊರು ಬಿಟ್ಟಿದ್ದರು. ಮಾವಶಿಗೆ ಮೊಣಕಾಲು ನೋವು ಹೆಚ್ಚಾಗಿ ಖಾನಾಪುರದ ಸೋದರಳಿಯ ಇಬ್ಬರನ್ನೂ ಕರೆದುಕೊಂಡು ಹೋದ. ಹೋಗುವಾಗ ಕಂಪ್ಯೂಟರನ್ನು ರಿಪೇರಿಯವನಿಗೇ ಕೊಟ್ಟರಂತೆ. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತೇನೆ. ಆರಾಮ ಇದ್ದೇನವಾ ಎನ್ನುತ್ತಾರೆ, ಇನ್ನೇನನ್ನೂ ಕೇಳುವುದಿಲ್ಲ. ಪರಶುರಾಮ ಗೋವಾದಲ್ಲಿ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಸುಲಿಯುವ ಕೆಲಸ ಹಿಡಿದ. ನಾನು ಅಂಗಡಿಯಲ್ಲಿ ಅಪ್ಪನ ಪಕ್ಕ ಕೂಡತೊಡಗಿದೆ. ಯಾವ ಡಬ್ಬದಲ್ಲಿ ಏನಿದೆ ಎಂದು ಬೆರಳಿಗೆ ಗೊತ್ತು.

ಮಿಂಚಂಚೆಗೆ ಲಗತ್ತಿಸಿದ ಕಾಗದವಾಗಿ ಆ ಉತ್ತರ ಬಂದದ್ದು ಮಳೆಗಾಲದ ಮೊದಲ ವಾರ. ತೆರೆದೆ. ಡಬ್ಬಿ ಓದಲಿಲ್ಲ. ಸಹಿ ಮಾಡಿದ ಕಾಗದದ ಫೋಟೋ ತೆಗೆದು ಹಾಕಿದ್ದರು. ಅದರೊಳಗೆ ಅಕ್ಷರಗಳಿರಲಿಲ್ಲ, ಚಿತ್ರವಿತ್ತು. ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಹೊತ್ತು ನೋಡಿ ಲ್ಯಾಪ್‌ಟಾಪನ್ನು ಅಪ್ಪನ ಮುಂದೆ ಇಟ್ಟೆ. ಅಪ್ಪ ಚಷ್ಮಾ ಹಾಕಿಕೊಂಡು ಒಂದೊಂದೇ ಶಬ್ದ ಬಿಡಿಸಿ ಓದಿದ:

"ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ಸದರಿ ಕೇಂದ್ರದಲ್ಲಿ ಅಂಧ ಅಭ್ಯರ್ಥಿಗಳಿಗೆ ಸ್ಕ್ರೀನ್ ರೀಡರ್ ಸೌಲಭ್ಯವನ್ನು ನಿಯಮಾನುಸಾರ ಒದಗಿಸಲಾಗಿರುತ್ತದೆ. ಆದ್ದರಿಂದ ಮರುಪರೀಕ್ಷೆಗೆ ಅವಕಾಶವಿರುವುದಿಲ್ಲ."

ಅಷ್ಟೇ ಇತ್ತು. ಅಪ್ಪ ಚಷ್ಮಾ ತೆಗೆದು ಮಡಚಿದ ಸದ್ದು ಕೇಳಿತು.

"ಅಲ್ಲವಾ, ಆ ಸ್ಕ್ರೀನ್ ರೀಡರ್ ಖರೇನ ಇತ್ತೇನ ಅಲ್ಲೆ?"

"ಇತ್ತಪಾ."

"ಮಾತಾಡ್ತಿತ್ತೇನ?"

"ಮಾತಾಡ್ತಿತ್ತು."

ಅಪ್ಪ ಮುಂದೇನೋ ಕೇಳಲು ಹೊರಟ. ಅಷ್ಟರಲ್ಲಿ ಯಾರೋ ಬಂದು ಅರ್ಧ ಕಿಲೋ ತೊಗರಿಬೇಳೆ ಕೇಳಿದರು. ಅಪ್ಪ ಕೂತಲ್ಲಿಂದ ಏಳಲಿಲ್ಲ. ನಾನೇ ಎದ್ದು ಡಬ್ಬದ ಮುಚ್ಚಳ ತೆಗೆದು ಬೇಳೆ ತೂಗಿ ಕೊಟ್ಟೆ.